ನನ್ನೊಳಗೆ ಇರಬೇಡ, ಸ್ಕಂದ!

"ನಿಲ್ಲಿಸಿ! ಒಂದು ಹನಿ ಬಿದ್ದರೂ ಎಲ್ಲ ಸತ್ತುಹೋಗುತ್ತವೆ!"

ಮಣಿನಗರದ ಮನೆಯ ಹಿತ್ತಲಲ್ಲಿ ಅವರೆ ಬಳ್ಳಿಗೆ ಸಾಬೂನು ನೀರು ಸಿಂಪಡಿಸಲು ಹೊರಟಿದ್ದ ಸ್ಕಂದ ಬೆಚ್ಚಿಬಿದ್ದ. ಗೇಟು ತಳ್ಳಿಕೊಂಡು ಓಡಿಬಂದ ಹುಡುಗಿ ಅವನ ಕೈಯಿಂದ ಬಾಟಲಿ ಕಿತ್ತುಕೊಂಡೇಬಿಟ್ಟಳು!

"ಅರೆ! ನೀನು ಯಾರು?"

ಸಿಂಚನಾಗೆ ಮೈ ಉರಿಯಿತು. *ಗುರುತು ಪರಿಚಯ ಇಲ್ಲ, ಆಗಲೇ ನೀನು ಅಂತಾನಲ್ಲ!*

ಒಳಗಿನಿಂದ ಬಂದ ಅವನ ತಾಯಿ ರತ್ನಮ್ಮ ನಕ್ಕರು. "ಬೇಜಾರು ಮಾಡ್ಕೋಬೇಡಮ್ಮ. ಇವನು ಈ ಪರನಾಡಲ್ಲೇ ಹುಟ್ಟಿ ಬೆಳೆದವನು. ಕನ್ನಡ ಕಲಿತಿದ್ದೆಲ್ಲ ನನ್ನ ಬಾಯಿಂದ. ನಾನು ಅವನಿಗೆ ನೀವು ಅಂತೀನಾ? ಸ್ಕಂದ, ನಮ್ಮ ಕನ್ನಡ ಸಂಘದ ಹುಡುಗಿ ಕಣೋ. ಬಳ್ಳಿ ಮೇಲಿನ ಹೇನು ಅವಳ ರಿಸರ್ಚಿಗೆ ಬೇಕಂತೆ."

"ಹೇನು? ರಿಸರ್ಚಿಗೆ?"

"ಹೇನಲ್ಲ, ಅದರ ಜೀವಕೋಶದೊಳಗೆ ವಾಸ ಮಾಡೋ ಬ್ಯಾಕ್ಟೀರಿಯಾ," ಎಂದಳು ಸಿಂಚನಾ, ಮೂಗು ಮೇಲೆ ಮಾಡಿ.

ಆಮೇಲೆ ಪ್ರತಿ ಭಾನುವಾರ ಅವಳು ಊರಿನ ಇನ್ನೊಂದು ತುದಿಯ ವಸ್ತ್ರಾಪುರದ ತನ್ನ ಲ್ಯಾಬಿನಿಂದ ಹೇನು ಎಣಿಸಲು ಬಂದಳು. ವಡೋದರಾದ ಮಕರಪುರದಲ್ಲಿ ಟ್ರಾನ್ಸ್‌ಫಾರ್ಮರ್ ಎಂಜಿನಿಯರ್ ಆಗಿದ್ದ ಅವನು, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದವನು, ವಾರವಾರವೂ ಬರತೊಡಗಿದ. ರತ್ನಮ್ಮನಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗದೆ ಉಳಿದವರು ಅವರಿಬ್ಬರೇ!

ನಾಲ್ಕು ತಿಂಗಳ ನಂತರ, ಒಂದು ಶನಿವಾರ ಸಂಜೆ, ವಸ್ತ್ರಾಪುರದ ಕೆರೆ ದಂಡೆಯಲ್ಲಿ ಸ್ಕಂದ ಬಾಯಿಬಿಟ್ಟ.

"ನಿನ್ನ ಬ್ಯಾಕ್ಟೀರಿಯಾ ಹೇನಿನ ಒಳಗೆ ಇರುತ್ತಲ್ಲ... ನಾನೂ ಹಾಗೇ ನಿನ್ನೊಳಗೇ ಇರ್ತೀನಿ, ಸಿಂಚು. ಸೋಮವಾರ ಕೆಲಸಕ್ಕೆ ರಿಸೈನ್ ಮಾಡಿ ಇಲ್ಲಿಗೇ ಬಂದ್ಬಿಡ್ತೀನಿ!"

ಅವಳ ಕಣ್ಣು ತುಂಬಿ ಬಂತು. "ಬೇಡ!" ಎಂದವಳೇ ಎದ್ದು ಹೋದಳು.

ಅವನ ಎದೆ ಒಡೆಯಿತು. ಪಾಪ, ಅವಳ ಎದೆಯಲ್ಲಿ ಇದ್ದದ್ದೇ ಬೇರೆ. *ಊಟದ ಮಧ್ಯೆ ಪೇಪರ್ ನ್ಯಾಪ್ಕಿನ್ ಮೇಲೆ ಟ್ರಾನ್ಸ್‌ಫಾರ್ಮರ್ ಕಾಯಿಲ್ ಬರೆದು ತೋರಿಸೋನು... ಆ ಕೆಲಸವನ್ನೇ ನನಗೋಸ್ಕರ ಬಿಟ್ಟರೆ ಇವನಲ್ಲಿ ಉಳಿಯೋದೇನು?*

ಭಾನುವಾರವಿಡೀ ಅವನ ಫೋನ್ ಸ್ವಿಚ್ ಆಫ್. ಸೋಮವಾರ ಮೊದಲ ರೈಲು ಹಿಡಿದು ಅವಳು ಮಕರಪುರದ ಫ್ಯಾಕ್ಟರಿ ಗೇಟಿಗೆ ಓಡಿದಳು. ಸ್ಕಂದ ಕೈಯಲ್ಲಿ ಕವರ್ ಹಿಡಿದು ಒಳಗೆ ಹೊರಟಿದ್ದ.

"ಕೊಟ್ಟುಬಿಟ್ಟೆಯಾ?"

"ಈಗ ಕೊಡ್ತೀನಿ. ಮೊದಲು ಬಿಟ್ಟು ತೋರಿಸಿದ್ರೆ ನನ್ನ ಪ್ರೀತಿ ನಂಬ್ತೀಯ ಅಂತ..."

"ದಡ್ಡ! ಬ್ಯಾಕ್ಟೀರಿಯಾ ಕಥೆ ಪೂರ್ತಿ ಕೇಳಿದ್ದೀಯಾ? ಕೋಟ್ಯಂತರ ವರ್ಷ ಒಳಗೇ ಬೆಚ್ಚಗೆ ಇದ್ದು, ತನ್ನ ಬಹುಪಾಲು ಜೀನ್‌ಗಳನ್ನ ಒಂದೊಂದಾಗಿ ಕಳ್ಕೊಂಡಿದೆ. ಸ್ವಂತವಾಗಿ ಮಾಡ್ತಿದ್ದ ಎಷ್ಟೋ ಕೆಲಸ ಮರೆತೇಹೋಗಿದೆ. ಹೊರಗೆ ಬಂದ್ರೆ ಬದುಕೋದೇ ಇಲ್ಲ! ನಂಗೆ ಅಂಥ ಗಂಡ ಬೇಡ!"

ಪಾಳಿಗೆ ಹೊರಟವರೆಲ್ಲ ನಿಂತು ನೋಡುತ್ತಿದ್ದರು. ಸ್ಕಂದನಿಗೆ ಕೇಳಿಸಿದ್ದು ಒಂದೇ ಮಾತು.

"ಗಂಡ... ಅಂದೆಯಾ?"

ಅವಳ ಮುಖ ಕೆಂಪಾಯಿತು. ಕವರ್ ಕಸಿದುಕೊಂಡು ತನ್ನ ಬ್ಯಾಗಿಗೆ ತುರುಕಿದಳು.

"ಹೂಂ. ನಾನು ಅಲ್ಲಿ ಲ್ಯಾಬು ಬಿಡಲ್ಲ, ನೀನು ಇಲ್ಲಿ ಕೆಲಸ ಬಿಡಬಾರದು. ವಾರಕ್ಕೊಮ್ಮೆ ನೀನು ಬಾ, ಇಲ್ಲಾಂದ್ರೆ ನಾನು ಬರ್ತೀನಿ. ಮದುವೆ ಆದ್ಮೇಲೂ ಅಷ್ಟೇ."

"ಐದು ದಿನ ನಿನ್ನ ಬಿಟ್ಟು ಹೇಗಿರಲಿ, ಸಿಂಚು?"

"ನಾನು ನಿನ್ನೆ ಇದ್ದ ಹಾಗೆ..." ಅವಳು ಮೂಗೊರೆಸಿಕೊಂಡು ನಕ್ಕಳು. "ಅಳ್ತಾ!"