ಇಂದ್ರಾಣಿಗೆ ಮೊದಲು ಸಿಕ್ಕ ಅಪ್‌ಡೇಟ್

ಇಂದ್ರಾಣಿಯನ್ನು ತ್ರಿವೇಣಿ ಮೊದಲ ಸಲ ನೋಡಿದ್ದು ಮುನೇಶನ ಫೋನ್ ರಿಪೇರಿ ಅಂಗಡಿಯಲ್ಲಿ. ನೋಡಿದ್ದು ಮುಖವನ್ನಲ್ಲ, ಕೈಯಲ್ಲಿದ್ದ ಫೋನನ್ನು.

ತನ್ನದೇ ಮಾಡೆಲ್. ಆದರೆ ಪರದೆಯ ಮೇಲೆ ಹೊಸ ಗಡಿಯಾರ, ಹೊಸ ಅಕ್ಷರ... ಈ ತಿಂಗಳ ಅಪ್‌ಡೇಟ್!

ತನಗೆ ಮಾತ್ರ, ಇನ್ನೂ ಸ್ವಲ್ಪ ದಿನ ಆಗುತ್ತೆ ಅಂದಿದ್ದ ಮುನೇಶ.

ಆಮೇಲೆ ಮುಖವನ್ನೂ ನೋಡಿದಳು. ಚೆನ್ನಾಗಿಯೇ ಇತ್ತು. ಅದೊಂದು ಬೇರೆ ಕೇಡು.

ಆ ಫೋನನ್ನು ಕಂಪನಿ ಕೈಬಿಟ್ಟು ವರ್ಷಗಳಾಗಿದ್ದವು. ರಾಬರ್ಟ್‌ಸನ್‌ಪೇಟೆಯ ಮುನೇಶ ಕೈಬಿಟ್ಟಿರಲಿಲ್ಲ. ತಾನೇ ತಿದ್ದಿದ ಸಾಫ್ಟ್‌ವೇರ್ ಹಾಕಿಕೊಟ್ಟು, ಎಲ್ಲೋ ದೂರದಲ್ಲಿ ಅದನ್ನು ಮೊದಲು ಬರೆದ ಮೂಲದವರು ಪ್ರತಿ ತಿಂಗಳೂ ಮಾಡುವ ಬದಲಾವಣೆಗಳನ್ನು ತನ್ನದರೊಳಗೆ ಸೇರಿಸುತ್ತ ಕೂರುತ್ತಿದ್ದ. ಅವರ ಹೊಸದು ಇವನ ತಿದ್ದುಪಡಿಯನ್ನು ಒದೆಯುತ್ತಿತ್ತು. ಇವನು ಮತ್ತೆ ಕೂರಿಸುತ್ತಿದ್ದ. ಬೂದಿಕೋಟೆಯ ಡೇರಿಯಲ್ಲಿ ಹಾಲು ಅಳೆಯುವ ತ್ರಿವೇಣಿಗೆ ಇದರಲ್ಲಿ ಅರ್ಥವಾಗಿದ್ದು ಒಂದೇ: ಒಬ್ಬ ಗಂಡಸು ನನ್ನ ಫೋನಿಗಾಗಿ ಕಣ್ಣು ಸವೆಸುತ್ತಿದ್ದಾನೆ. ಅವನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಅವಳಿಗೆ ಅಷ್ಟು ಸಾಕ್ಷಿ ಸಾಕಾಗಿತ್ತು.

ಈಗ ಆ ಸಾಕ್ಷಿ ಇನ್ನೊಬ್ಬಳ ಕೈಯಲ್ಲಿ ಹೊಳೆಯುತ್ತಿತ್ತು.

ಆ ಹೆಂಗಸು ಹೋದ ಮೇಲೆ, ಯಾರೆಂದು ತ್ರಿವೇಣಿ ಮುನೇಶನನ್ನು ಕೇಳಿದಳು. ಚಾಂಪಿಯನ್ ರೀಫ್ಸ್‌ನ ಇಂದ್ರಾಣಿ, ಹೊಲಿಗೆ ಹೇಳಿಕೊಡುತ್ತಾರೆ ಎಂದ. ಯಾವಾಗಲೂ ಅವರಿಗೇ ಮೊದಲು ಕೊಡುತ್ತೀರಾ ಎಂದಳು. ತಲೆ ಎತ್ತದೆ ಹೂಂ ಎಂದ. ಸುಳ್ಳು ಹೇಳಲು ಬಾರದವರಿಂದ ಆಗುವ ಅನಾಹುತ ಸಣ್ಣದಲ್ಲ.

ಬಸ್ಸಿನಲ್ಲಿ ಬೂದಿಕೋಟೆಯವರೆಗೂ ಹೊಟ್ಟೆ ಉರಿಯಿತು. ಅವಳಿಗೆ ಬಿಸಿಬಿಸಿಯಾದದ್ದು, ನನಗೆ ತಂಗಳು...

ಮರುದಿನ ಕ್ಯಾನಿನ ಮುಚ್ಚಳವನ್ನು ಅವಳು ಕುಕ್ಕಿದ ರಭಸಕ್ಕೆ, ಹಾಲು ತಂದಿದ್ದ ಕನಕಮ್ಮ, ಹಾಲೇನು ತಪ್ಪು ಮಾಡಿತಮ್ಮ ಎಂದು ಕೇಳಬೇಕಾಯಿತು.

ಭಾನುವಾರ ತ್ರಿವೇಣಿ ಫೋನನ್ನು ಮುನೇಶನ ಮೇಜಿನ ಮೇಲಿಟ್ಟಳು.

"ನಿಮ್ದು ತೆಗ್ದಾಕಿ. ಕಂಪನಿದೇ ಆಕ್ಕೊಡಿ."

"ಒಳಗಿರೋದೆಲ್ಲ ಅಳಿಸಿ ಓಗುತ್ತೆ."

"ಓಗ್ಲಿ. ಅದಕ್ಕೇ ಬಂದಿರೋದು."

ಮುನೇಶ ಕೇಬಲ್ ಕೈಗೆತ್ತಿಕೊಂಡ. ಚುಚ್ಚುವ ತೂತು ಒಂದೇ ಏಟಿಗೆ ಸಿಗಲಿಲ್ಲ. ಬೇಡ ಅನ್ನಬಾರದಾ ಈ ಮನುಷ್ಯ... ಎಂದುಕೊಂಡು ಅವಳು ಗೋಡೆ ನೋಡಿದಳು.

ಅಷ್ಟರಲ್ಲಿ ಇಂದ್ರಾಣಿ ಒಳಗೆ ಬಂದಳು.

"ಏನಪ್ಪಾ ಮುನೇಶು, ಈ ಸಲ ಏನ್ ಮುರಿದಿಟ್ಟಿದೀಯ? ಫೋನ್ ಬಂದ್ರೆ ಅವ್ರು ಮಾತಾಡೋದು ನಂಗೆ ಕೇಳುತ್ತೆ, ನಾನು ಮಾತಾಡೋದು ಅವ್ರಿಗೆ ಕೇಳಲ್ಲ. ನಮ್ಮನೆಯವ್ರು ಮಾತ್ರ ಇಂಗೇ ಇರ್ಲಿ ಅಂತಾರೆ."

ಮೂಲದವರ ಬದಲಾವಣೆ ಮೈಕಿಗೆ ತಗುಲಿಕೊಂಡಿದೆ ಅಕ್ಕಾ ಎಂದು ಅವನು ಗೊಣಗಿದ. ಇಂದ್ರಾಣಿಯ ಕಣ್ಣು ಮೇಜಿನ ಮೇಲಿದ್ದ ಇನ್ನೊಂದು ಫೋನಿಗೆ, ಅಲ್ಲಿಂದ ತ್ರಿವೇಣಿಗೆ ಹೋಯಿತು.

"ಬೂದಿಕೋಟೆಯವ್ರು ನೀವೇನಾ? ನಿಮ್ದು ಕೆಡಬಾರ್ದು ಅಂತ ತಿಂಗ್ಳು ತಿಂಗ್ಳೂ ಮೊದ್ಲು ನಂದಕ್ಕೆ ಆಕಿ ನೋಡಿ ಕೆಡಿಸ್ತಾನಮ್ಮ ಇವ್ನು. ಹೊಸದು ಅಂದ್ರೆ ನಂಗೂ ಹುಚ್ಚು, ಫೋನ್ ಕೊಡ್ತೀನಿ. ನಾನು ಬೈದೂ ಬೈದೂ ಸರಿ ಆದ್ಮೇಲೆ ತಾನೇ ನಿಮಗೆ."

ಫೋನ್ ಕೊಟ್ಟು, ಮಾರ್ಕೆಟ್ಟಿಗೆ ಹೋಗಿ ಬರುತ್ತೇನೆಂದು ಹೊರಟುಹೋದಳು.

ತ್ರಿವೇಣಿಗೆ ನಾಚಿಕೆಯಾಯಿತು. ಸಮಾಧಾನವೂ ಆಗಬೇಕಿತ್ತು, ಆಗಲಿಲ್ಲ. ಹೊಟ್ಟೆಯ ಉರಿ ಆರದೆ ಜಾಗ ಬದಲಿಸಿತ್ತು. ಇವನ ತಪ್ಪುಗಳೆಲ್ಲ ಇಂದ್ರಾಣಿಗೆ ಗೊತ್ತು. ನನಗೆ ಸಿಕ್ಕಿರುವುದು ತಿದ್ದಿ ತೀಡಿದ ಮುನೇಶ ಮಾತ್ರ...

"ಬರೋ ತಿಂಗ್ಳಿಂದ ಮೊದ್ಲು ನಂಗೆ ಆಕ್ಬೇಕು," ಎಂದಳು.

"ಇಷ್ಟಪಟ್ಟೋರಿಗೆ ಮುರುಕಲು ಎಂಗ್ ಕೊಡೋದು?"

ತಾನು ಆಡಿಬಿಟ್ಟಿದ್ದು ಏನೆಂದು ಅವನಿಗೆ ತಿಳಿದದ್ದು ಸ್ವಲ್ಪ ತಡವಾಗಿ. ಕಿವಿಯವರೆಗೂ ಕೆಂಪಾದ. ಕೇಬಲ್ ಕೆಳಗಿಟ್ಟ.

ತ್ರಿವೇಣಿ ಸ್ಟೂಲ್ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.

"ಕೊಡಿ. ಮುರುಕಲೇ ಇರ್ಲಿ, ಕೆಟ್ರೆ ಬತ್ತೀನಿ."

"ದಿನಾ ಕೆಡಬೋದು, ತ್ರಿವೇಣಿ."

"ಅದ್ಕೇ ಕೇಳ್ತಿರೋದು."