ಹುಳಿ ಸೇಬಿನ ಕೊನೆಯ ಮರ

ಹಲಸೂರಿನ ವಠಾರದಲ್ಲಿದ್ದ ಸೇಬಿನ ಮರ ಹದಿನೈದೇ ದಿನದಲ್ಲಿ ಒಣಗಿ ನಿಂತಾಗ, ಎಂಬತ್ತೆರಡರ ಮುನಿನಾರಾಯಣಪ್ಪ ತಮ್ಮ ಬಾಡಿಗೆಯವಳಾದ ಮಂಜುಳಮ್ಮನ ಬಾಗಿಲು ತಟ್ಟಿದರು. ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದ ಅವಳೇ ಆ ವಠಾರದ ಪತ್ತೇದಾರಿಣಿ. ಪಕ್ಕದ ಮನೆಯ ದರ್ಜಿ ಚಾಂದ್ ಬೀ ಎಂದಿನಂತೆ ಅವಳ ಹಿಂದೆ ಹೊರಟಳು.

"ಮರಾನ ಕೊಂದ್ಬಿಟ್ಟವ್ನೆ ಕಣಮ್ಮ, ಆ ಬಡಗಿ ಶರಣಬಸವ. ಅವ್ನ ಮನೆ ಶೀಟಿನ ಮೇಲೆ ಎಲೆ ಬೀಳ್ತದೆ ಅಂತ ದಿನಾ ಗೊಣಗ್ತಿದ್ದ. ನಾಳೇನೇ ಮನೆ ಖಾಲಿ ಮಾಡಿಸ್ತೀನಿ," ಎಂದರು ಮುದುಕರು. ಅವರ ಮುಂಗೈಗೆ ಬ್ಯಾಂಡೇಜು ಸುತ್ತಿತ್ತು.

ಹಸಿಯಾಗಿ ತಿನ್ನಲಾಗದ, ಬೇಯಿಸಿದರೆ ಬೆಣ್ಣೆಯಂತಾಗುವ ಹುಳಿ ಸೇಬು ಅದು. ಬ್ರಿಟಿಷರ ದಂಡಿನ ಬೇಕರಿಗಳಿಗೆಂದು ಅವರ ತಾತ ಹಾಕಿದ್ದ ತೋಟದಲ್ಲಿ ಉಳಿದದ್ದು ಅದೊಂದೇ. ಆ ತಳಿ ಬೇರೆಲ್ಲೂ ಇಲ್ಲವೆಂದು ತೋಟಗಾರಿಕೆ ಇಲಾಖೆಯವರೊಬ್ಬರು ಮುಂದಿನ ತಿಂಗಳು ಕಸಿಗೆ ಕಡ್ಡಿ ಒಯ್ಯುವವರಿದ್ದರು.

ಮಂಜುಳಮ್ಮ ಬುಡದಲ್ಲಿ ಕುಳಿತಳು. ಕಾಂಡದಲ್ಲಿ ಮೂರು ತೂತು, ಕಳೆನಾಶಕದ ವಾಸನೆ, ಕೆಳಗೆ ಸುರುಳಿ ಸುರುಳಿ ಹೊಟ್ಟು. ತೂತಿಗೆ ತುರುಕಿದ್ದ ಬಿಳಿ ಬಟ್ಟೆಯ ಅಂಚಿನಲ್ಲಿ ನೀಲಿ ಹೊಲಿಗೆ ಕಂಡು ಚಾಂದ್ ಬೀ ಎರಡು ಹೆಜ್ಜೆ ಹಿಂದೆ ಸರಿದಳು.

"ಹಣ್ಣು ಕೀಳೋ ಏಣಿ ಎಲ್ಲಿ ಯಜಮಾನ್ರೇ?" ಮುದುಕರ ಬ್ಯಾಂಡೇಜು ನೋಡುತ್ತ ಕೇಳಿದಳು ಮಂಜುಳಮ್ಮ.

"ಒಂದು ತಿಂಗಳಾಯ್ತು, ಕಾಣ್ತಿಲ್ಲ. ಆದ್ರೂ ಹತ್ತೋದು ಬಿಟ್ಟಿಲ್ಲ ನಾನು."

ಅಟ್ಟ, ಹಿತ್ತಲು ಎಲ್ಲ ಹುಡುಕಿದ ಮಂಜುಳಮ್ಮ ಸಂಜೆ ಎಲ್ಲರನ್ನೂ ಯಜಮಾನರ ಜಗಲಿಗೆ ಕರೆಸಿದಳು.

"ನಾ ಏನೂ ಮಾಡಿಲ್ರೀ," ಎಂದ ಶರಣಬಸವ.

"ಗೊತ್ತು ಕಣಪ್ಪ. ನಿನ್ನದು ಕರೆಂಟ್ ಡ್ರಿಲ್ಲು, ಪುಡಿ ಉದುರಿಸ್ತದೆ. ಇದು ಕೈ ಬೈರಿಗೆ ತಿರುಗಿಸಿದ ಸುರುಳಿ. ಈ ಮನೆ ಅಟ್ಟದಲ್ಲಿರೋ ಸಾಮಾನಿನಲ್ಲಿ ಬೈರಿಗೆ ಒಂದರ ಮೇಲೆ ಮಾತ್ರ ಧೂಳಿಲ್ಲ. ಏಣಿ ಕಳುವಾಗಿಲ್ಲ, ಸೌದೆ ಹಿಂದೆ ಬಚ್ಚಿಟ್ಟಿದೆ. ಯಜಮಾನ್ರು ಮರ ಹತ್ತೋದು ಯಾರಿಗೋ ಬೇಡವಾಗಿತ್ತು." ಮಂಜುಳಮ್ಮ ಚಾಂದ್ ಬೀ ಕಡೆ ತಿರುಗಿದಳು. "ಈ ಬಟ್ಟೆ ಯಾರ್ದು, ನೀನೇ ಹೇಳು."

"ರವಿಕೆ ಲೈನಿಂಗು ಅಕ್ಕಾ," ಚಾಂದ್ ಬೀ ತಲೆ ಎತ್ತಲಿಲ್ಲ. "ನಾನೇ ಹೊಲ್ದಿದ್ದು. ಅಮ್ಮೋರ್ದು."

ಮುದುಕರ ಹೆಂಡತಿ ರಾಮಲಕ್ಷ್ಮಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. "ಎರಡು ಸಲ ಬಿದ್ರು. ಇನ್ನೊಂದ್ಸಲ ಬಿದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ಕಾಲು ಹಿಡ್ಕೊಂಡೆ, ಏಣಿ ಬಚ್ಚಿಟ್ಟೆ. ಕೇಳಿದ್ರಾ? ನಂಗೆ ಇವರು ಬೇಕಿತ್ತು."

ಮುನಿನಾರಾಯಣಪ್ಪ ಶರಣಬಸವನಿಗೆ ಕೈ ಮುಗಿದು ಒಳಗೆ ಹೋಗಿ ಮಲಗಿದರು.

ಸುದ್ದಿ ತಿಳಿದು ಮರುದಿನವೇ ಬಂದ ತೋಟಗಾರಿಕೆಯವರು ಕೊಂಬೆ ಕೊಂಬೆಯನ್ನೂ ಚಾಕುವಿನಿಂದ ಕೆರೆದು ನೋಡಿದರು. ಕಸಿಗಾಗುವಷ್ಟು ಹಸಿರೂ ಎಲ್ಲೂ ಇರಲಿಲ್ಲ.

ನಾಲ್ಕನೆಯ ದಿನವೂ ಮುದುಕರು ಎದ್ದಿರಲಿಲ್ಲ. "ಹೇಳ್ಬಾರ್ದಿತ್ತು ಅಕ್ಕಾ," ಎಂದಳು ಚಾಂದ್ ಬೀ.

"ಹೇಳ್ದಿದ್ರೆ ಶರಣಬಸವ ಹೆಂಡ್ತಿ ಮಕ್ಕಳ ಜೊತೆ ಬೀದಿಗೆ ಬೀಳ್ತಿದ್ದ." ಮಂಜುಳಮ್ಮನ ದನಿಯಲ್ಲಿ ಗೆದ್ದ ಸುಳಿವೇ ಇರಲಿಲ್ಲ.

ಕಿಟಕಿಯಾಚೆ ರಾಮಲಕ್ಷ್ಮಮ್ಮ ಗಂಜಿಯ ಬಟ್ಟಲು ಹಿಡಿದು ಮಂಚದ ಬಳಿ ಕುಳಿತಿದ್ದರು. ಮುದುಕರು ಗೋಡೆಯ ಕಡೆಗೆ ಮುಖ ತಿರುಗಿಸಿದ್ದರು.