ಕೊಳ್ಳದ ಕವಲಿನಲ್ಲಿ ಅಂದ ಮಾತು

"ಹಿಂದಕ್ಕ ಸರೀರಿ" ಅಂದಳು ಕಾಶಿಬಾಯಿ.

"ನೀವ ಸರೀರಲ್ಲ."

ಎರಡು ಕೆಂಪು ಬಂಡೆಗಳ ನಡುವಿನ ಸಂದು ಒಬ್ಬರಿಗಷ್ಟೇ ಸಾಲುತ್ತಿತ್ತು. ಎದುರಿಗೆ ನಿಂತವನು ಬಾಗೇವಾಡಿಯ ಮಾಸ್ತರ ಸಂಗಣ್ಣ. ಮುದ್ದೇಬಿಹಾಳದ ಶಿಕ್ಷಕರ ತರಬೇತಿಯುದ್ದಕ್ಕೂ ಅವಳ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಇಬ್ಬರೂ ಮಾತಾಡಿರಲಿಲ್ಲ. ನೋಡುವುದನ್ನು ಮಾತ್ರ ಇಬ್ಬರೂ ಬಿಟ್ಟಿರಲಿಲ್ಲ.

ಅದು 1974ರ ದೀಪಾವಳಿ ಸೂಟಿ. ತರಬೇತಿ ಮುಗಿದ ಖುಷಿಗೆ ಎಲ್ಲರೂ ಕೊಳ್ಳ ಸುತ್ತಲು ಬಂದಿದ್ದರು. ಮೂರು ಕೊಳ್ಳಗಳನ್ನು ಕಾಲುದಾರಿಗಳು ಕೂಡಿಸಿದ್ದವು. ಒಂದು ಸುತ್ತು ಹಾಕಿದರೆ ಬಸ್ಸು ನಿಂತಲ್ಲಿಗೇ ಬರಬಹುದು. ಎಲ್ಲರೂ ಎಡದಿಂದ ಹೊರಟರೆ ಇವನೊಬ್ಬ ಬಲದಿಂದ.

"ಉಲ್ಟಾ ಯಾಕ ಬಂದ್ರಿ?"

"ನೀವು ಎದುರಿಗೆ ಸಿಗ್ತೀರಂತ."

ಅವನೇ ಹೊರಳಿ ಮುಂದೆ ನಡೆದ; ಅವಳು ಹಿಂದೆ. ಮುಟ್ಟಿದರೆ ಅಂಗೈಗೆ ಕೆಂಪು ಹತ್ತುವ ಕಲ್ಲು.

ಈಗ ಹೇಳದಿದ್ದರೆ ಇನ್ಯಾವಾಗ...

"ನಾಳೆ ಸಿಂದಗಿಯವರು ನನ್ನ ನೋಡಾಕ ನಮ್ಮೂರು ಇಂಡಿಗೆ ಬರ್ತಾರ್ರಿ. ಅಪ್ಪ ಮಾತು ಕೊಟ್ಟಬಿಡ್ತಾನ."

ಸಂಗಣ್ಣ ನಿಂತ. ಅವಳು ಕಾದಳು. ಅವನು ಮತ್ತೆ ನಡೆದ. ದಾರಿ ಕವಲೊಡೆಯುವಲ್ಲಿ ಒಂದೇ ಮಾತು:

"ಬರ್ತೇನಿ."

ಮೇಲಿನ ದಾರಿ ಹಿಡಿದು ಹೊರಟೇಬಿಟ್ಟ.

ಕಾಶಿಬಾಯಿ ನೋಡುತ್ತ ನಿಂತಳು. ಬಾಗಿಲು ದಾಟುವಾಗ ಯಾರೂ 'ಹೋಗ್ತೇನಿ' ಅನ್ನುವುದಿಲ್ಲ. ಹೋಗುವವರೆಲ್ಲ 'ಬರ್ತೇನಿ' ಅನ್ನುತ್ತಾರೆ.

ಇಷ್ಟೇ ಏನು ಇವನು?

ಕೆಳಗಿನ ದಾರಿಯಲ್ಲಿ ಒಬ್ಬಳೇ ನಡೆದಳು. ಅಳು ಬರಲಿಲ್ಲ. ಸಿಟ್ಟು ಬಂತು, ನಡಿಗೆ ಜೋರಾಯಿತು.

ಬಸ್ಸಿನ ನೆರಳಲ್ಲಿ ಗೆಳತಿ ಹನಮವ್ವ ಚುರಮುರಿ ತಿನ್ನುತ್ತಿದ್ದಳು.

"ಮಾರಿ ಯಾಕ ಹಂಗ ಮಾಡೀ?"

"ಸಿಂದಗಿ ಹುಡುಗನ್ನ ಒಪ್ಕೋತೇನಿ."

"ನೋಡೇ ಇಲ್ಲಲ್ಲ. ಕುಂಟ ಇದ್ದಾನೋ ಕುರುಡ ಇದ್ದಾನೋ."

"ಇದ್ದದ್ದ ಬಾಯಿ ಬಿಟ್ಟು ಹೇಳಾವ ಇದ್ರ ಸಾಕು."

ಅಷ್ಟರಲ್ಲಿ ಸಂಗಣ್ಣ ಕೆಳಗಿನ ದಾರಿಯಿಂದಲೇ ಏದುಸಿರು ಬಿಡುತ್ತ ಬಂದ. ಹನಮವ್ವ ಅವನ ಮುಖ ನೋಡಿ ಚುರಮುರಿ ಎತ್ತಿಕೊಂಡು ಆಚೆ ಹೋದಳು.

"ಕವಲಿನ್ಯಾಗ ಯಾಕ ನಿಲ್ಲಲಿಲ್ರಿ? ಬರ್ತೇನಿ ಅಂದಿದ್ನಲ್ಲ."

"ಹೋಗೋವ್ರೂ ಹಂಗ ಅಂತಾರ."

"ನಾ ಖರೇನ ತಿರುಗಿ ಬರಾವ ಅಂತ ಅಂದಿದ್ದೆ! ನಮ್ಮ ಜೋಡಿ ಬಂದ ಗುರಲಿಂಗಪ್ಪ ಮಾಸ್ತರ ನಮ್ಮ ಸೋದರಮಾವ. ಮೇಲಿನ ದಾರ್ಯಾಗ ಮುಂದ ಹೋಗಿದ್ರು, ಓಡಿ ಹಿಡದೆ. ನಾಳೆ ಸಿಂದಗಿಯವರಕಿಂತ ಮೊದಲ ನಿಮ್ಮ ಮನಿಗೆ ಹೋಗಿ ಹೆಣ್ಣ ಕೇಳ್ರಿ ಅಂದೆ. ಒಪ್ಪ್ಯಾರ. ಕವಲಿಗೆ ಬಂದ್ರ ನೀವ ಇಲ್ಲ."

ಅವಳ ಸಿಟ್ಟು ಇಳಿಯಿತು. ಪೂರ್ತಿ ಅಲ್ಲ.

"ನೀವು ಮಾವನ್ನ ಕೇಳಿದ್ರಿ. ಅವರು ನಮ್ಮಪ್ಪನ್ನ ಕೇಳ್ತಾರ. ನನ್ನ ಕೇಳೋವ್ರು ಯಾರ್ರಿ?"

ಸಂಗಣ್ಣ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. ಕೆಂಪು ಧೂಳು ಇನ್ನಷ್ಟು ಹರಡಿತು.

"ತಪ್ಪಾತು" ಅಂದ. "ಈಗ ಕೇಳ್ತೇನಿ. ನನ್ನ ಕೂಡ ಸಂಸಾರ ಮಾಡ್ತೀ ಏನು, ಕಾಶಿ?"

"ನೌಕರಿ ಬಿಡಂಗಿಲ್ಲ."

"ನಾ ಎಲ್ಲೆ ಬಿಡು ಅಂದೆ?"

"ಹಂಗಾರ ಹೂಂ."

ಅವಳು ಸರಿದು ನೆರಳಿನಲ್ಲಿ ಜಾಗ ಮಾಡಿದಳು.

"ಕುಂಡ್ರರಿ ಇಲ್ಲೆ. ಎಷ್ಟ ಬೆವತೀರಿ..."